ಬಣ್ಣದ ವುಡ್‌ಕಟ್ ಮನೆಯಲ್ಲೇ ಕಲಿಯುವುದು: ಹಲಗೆ, ಉಳಿ ಮತ್ತು ಒದ್ದೆ ಕಾಗದ

ವುಡ್‌ಕಟ್ ಅಂದರೆ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಉಬ್ಬಿ ಉಳಿದ ಜಾಗಕ್ಕೆ ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ಅಚ್ಚು. ಮೊದಲ ಸಲ ಐದು ಬಣ್ಣದ ವುಡ್‌ಕಟ್ ಮಾಡಲು ಕೂತಾಗ ಕೆತ್ತನೆಗೆ ಹನ್ನೆರಡು ದಿನ ಕೊಟ್ಟೆ. ಅಚ್ಚು ತೆಗೆಯುವುದಕ್ಕೆ ಒಂದು ಭಾನುವಾರ ಸಾಕು ಅಂದುಕೊಂಡೆ. ಮಾರ್ಚ್ ತಿಂಗಳು, ಬೆಂಗಳೂರು, ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಚಿತ್ರ ದೊಡ್ಡದೇನಲ್ಲ, ಒಂದು ಹಿತ್ತಾಳೆ ಚೊಂಬು, ಅದರಲ್ಲಿ ಒಂದು ದಾಸವಾಳ. ಗೆರೆಯ ಹಲಗೆ, ಅಂದರೆ ಚಿತ್ರದ ಗೆರೆಗಳನ್ನು ಮಾತ್ರ ಕಪ್ಪಿನಲ್ಲಿ ಒತ್ತುವ ಹಲಗೆ, ಚೆನ್ನಾಗಿ ಬಂತು. ಹಳದಿಯೂ ಸರಿಯಾಗಿ ಕೂತಿತು. ಕೆಂಪಿನ ಹೊತ್ತಿಗೆ ಎಸಳು ಗೆರೆ ದಾಟಿ ಆಚೆ ಹೋಗಿತ್ತು, ಹಿನ್ನೆಲೆಯ ನೀಲಿ ಹಾಕುವ ಹೊತ್ತಿಗೆ ಚೊಂಬಿನ ಪಕ್ಕ ಬಿಳಿ ಸಂದಿ ಕಾಣುತ್ತಿತ್ತು. ಹದಿನೈದು ಹಾಳೆಯಲ್ಲಿ ಒಂದೂ ಉಳಿಯಲಿಲ್ಲ. ಉಳಿಯನ್ನು ಬೈದೆ, ಹಲಗೆಯನ್ನು ಬೈದೆ. ಎರಡು ದಿನ ಬಿಟ್ಟು ಸ್ಕೇಲ್ ಹಿಡಿದು ಅಳೆದಾಗ ಗೊತ್ತಾಯಿತು, ಹಲಗೆಗಳೆಲ್ಲ ಸರಿಯಾಗಿಯೇ ಇದ್ದವು. ಕಾಗದ ಒಣಗಿ ಕುಗ್ಗಿತ್ತು.

ಅದಕ್ಕೇ ಇಲ್ಲಿ ಕೆತ್ತನೆಗಿಂತ ನೀರಿನ ಮಾತು ಜಾಸ್ತಿ ಇರುತ್ತದೆ. ಕೆತ್ತುವುದನ್ನು ಕೈ ತಾನಾಗಿ ಕಲಿಯುತ್ತದೆ, ಹತ್ತು ಹಲಗೆ ಹಾಳು ಮಾಡಿದರೆ ಬರುತ್ತದೆ. ಕಾಗದದ ಹದ, ಹಲಗೆಯ ಹದ, ಬಣ್ಣದ ಹದ, ಈ ಮೂರನ್ನು ಒಟ್ಟಿಗೆ ಹಿಡಿಯುವುದೇ ಕಷ್ಟ.

ಯಾವ ದಾರಿ ಹಿಡಿಯಬೇಕು

ಬಣ್ಣದ ವುಡ್‌ಕಟ್‌ಗೆ ಮುಖ್ಯವಾಗಿ ಎರಡು ದಾರಿ ಇವೆ. ಒಂದರಲ್ಲಿ ಒಂದೇ ಹಲಗೆ. ಸ್ವಲ್ಪ ಕೆತ್ತಿ ಒಂದು ಬಣ್ಣ ಒತ್ತಬೇಕು, ಮತ್ತೆ ಅದನ್ನೇ ಇನ್ನಷ್ಟು ಕೆತ್ತಿ ಮುಂದಿನ ಬಣ್ಣ ಒತ್ತಬೇಕು. ಇದಕ್ಕೆ ರಿಡಕ್ಷನ್ ಅನ್ನುತ್ತಾರೆ. ಕೊನೆಗೆ ಹಲಗೆಯಲ್ಲಿ ಏನೂ ಉಳಿದಿರುವುದಿಲ್ಲ, ಇನ್ನೊಂದು ಪ್ರತಿ ಬೇಕು ಅಂದರೆ ಆಗುವುದಿಲ್ಲ. ಅಗ್ಗ, ಆದರೆ ತಪ್ಪು ಮಾಡಿದರೆ ವಾಪಸ್ ಹೋಗುವ ದಾರಿ ಇಲ್ಲ. ಇನ್ನೊಂದರಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಹಲಗೆ. ಕಲಿಯುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಹಲಗೆಗಳು ಉಳಿಯುತ್ತವೆ, ಬಣ್ಣ ಬದಲಾಯಿಸಿ ಎಷ್ಟು ಸಲ ಬೇಕಾದರೂ ಒತ್ತಬಹುದು. ಜಪಾನಿನ ಯೋಶಿದಾ ಹಿರೋಶಿ 1926ರಲ್ಲಿ ಹಾಯಿದೋಣಿಗಳ ಚಿತ್ರ ಮಾಡಿದಾಗ ಅವೇ ಹಲಗೆಗಳಿಂದ ಬೆಳಗ್ಗೆ, ಮಂಜು, ಸಂಜೆ, ರಾತ್ರಿ ಎಲ್ಲವನ್ನೂ ತೆಗೆದ. ಬರೀ ಬಣ್ಣ ಬದಲು, ಅಷ್ಟೇ. ಈತ ಭಾರತಕ್ಕೂ ಬಂದು ಹೋಗಿ ತಾಜ್ ಮಹಲ್, ಉದಯಪುರ, ಅಮೃತಸರದ ಸ್ವರ್ಣಮಂದಿರ ಎಲ್ಲವನ್ನೂ ಮರದಲ್ಲಿ ಮಾಡಿದ್ದಾನೆ. ನಮ್ಮಲ್ಲಿ ಬಣ್ಣದ ವುಡ್‌ಕಟ್ ನೋಡಬೇಕು ಅಂದರೆ ಬಂಗಾಳದ ಹರೇನ್ ದಾಸ್ ಅವರ ಹಳ್ಳಿಯ ಚಿತ್ರಗಳನ್ನು ಹುಡುಕಿ ನೋಡಿ.

ಬಣ್ಣದಲ್ಲೂ ಎರಡು ದಾರಿ, ಎಣ್ಣೆಯ ಇಂಕು ಅಥವಾ ನೀರಿನ ಬಣ್ಣ. ಎಣ್ಣೆ ಇಂಕಿಗೆ ರೋಲರ್ ಬೇಕು, ಟರ್ಪೆಂಟೈನ್ ವಾಸನೆ ತಡೆಯಬೇಕು, ಒಂದು ಬಣ್ಣ ಒಣಗುವುದಕ್ಕೆ ಒಂದೆರಡು ದಿನ ಕಾಯಬೇಕು. ನೀರಿನ ಬಣ್ಣಕ್ಕೆ ಅಡುಗೆಮನೆ ಸಾಕು, ಐದೂ ಬಣ್ಣವನ್ನು ಒಂದೇ ದಿನ ಒತ್ತಬಹುದು. ನಾನು ಹೇಳುವುದು ನೀರಿನ ಬಣ್ಣದ ಜಪಾನಿ ಪದ್ಧತಿ, ಅಲ್ಲಿ ಅದಕ್ಕೆ ಮೊಕುಹಾಂಗಾ ಅಂತ ಹೆಸರು. 1765ರಲ್ಲಿ ಎಡೋ ನಗರದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಸುಜುಕಿ ಹಾರುನೋಬು ಮತ್ತು ಜೊತೆಗಾರರು ಶೋಕಿಯ ಕ್ಯಾಲೆಂಡರ್‌ಗಳಿಗಾಗಿ ಹಲವು ಬಣ್ಣಗಳ ಅಚ್ಚು ತೆಗೆದರು, ಪೂರ್ತಿ ಬಣ್ಣದ ಚಿತ್ರ ಅಲ್ಲಿಂದ ಬೆಳೆಯಿತು. ಆಗ ಚಿತ್ರ ಬರೆಯುವವನು, ಕೆತ್ತುವವನು, ಒತ್ತುವವನು, ದುಡ್ಡು ಹಾಕುವ ಪ್ರಕಾಶಕ ಎಲ್ಲ ಬೇರೆ ಬೇರೆ. ಒಬ್ಬನೇ ಬರೆದು, ಕೆತ್ತಿ, ಒತ್ತುವ ರೂಢಿಯ ಮೊದಲ ಹೆಜ್ಜೆ ಅಂತ 1904ರಲ್ಲಿ ಯಾಮಾಮೊಟೊ ಕಾನಾಯೆ ಮಾಡಿದ ಮೀನುಗಾರನ ಚಿತ್ರವನ್ನು ತೋರಿಸುತ್ತಾರೆ. ನಾವು ಮನೆಯಲ್ಲಿ ಮಾಡುವುದೂ ಅದೇ, ಮೂರು ಜನರ ಕೆಲಸ ಒಬ್ಬರ ತಲೆ ಮೇಲೆ. ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಸಾಮಾನು

ಹಲಗೆ ಮೊದಲು. ಜಪಾನಿನಲ್ಲಿ ಕಾಡು ಚೆರ್ರಿ ಮರ ಬಳಸುತ್ತಿದ್ದರು, ಈಗ ಶಿನಾ ಪ್ಲೈವುಡ್ ಜಾಸ್ತಿ. ಇಲ್ಲಿ ನನಗೆ ಒಗ್ಗಿದ್ದು 9 ಮಿಲಿಮೀಟರಿನ ಬರ್ಚ್ ಪ್ಲೈ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪ್ಲೈ ತರಬೇಡಿ, ಮೇಲಿನ ಪದರ ಕಾಗದದಷ್ಟು ತೆಳ್ಳಗಿರುತ್ತದೆ, ಎಳೆಗೆ ಅಡ್ಡವಾಗಿ ಉಳಿ ಹಾಕಿದ ಕೂಡಲೇ ಚಕ್ಕೆ ಏಳುತ್ತದೆ. ಮರದ ಪುಡಿ ಒತ್ತಿ ಮಾಡುವ ಎಂಡಿಎಫ್ ಹಲಗೆ ಸುಲಭವಾಗಿ ಕೆತ್ತಿಸಿಕೊಳ್ಳುತ್ತದೆ, ಆದರೆ ನೀರು ಕುಡಿದು ಊದಿಕೊಳ್ಳುತ್ತದೆ, ಅದು ಎಣ್ಣೆ ಇಂಕಿನವರಿಗೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ಸಣ್ಣ ತುಂಡಿನಲ್ಲೂ ಕೆತ್ತಿ ನೋಡಿದ್ದೇನೆ, ಎಳೆ ಸಣ್ಣ, ಬೆಣ್ಣೆಯ ಹಾಗೆ ಬರುತ್ತದೆ, ಆದರೆ ಅಗಲ ಹಲಗೆ ಸಿಗುವುದಿಲ್ಲ. ಯಾವ ಪ್ಲೈ ತಂದರೂ ಒಂದು ಚೂರು ಕತ್ತರಿಸಿ ರಾತ್ರಿಯಿಡೀ ನೀರಿನಲ್ಲಿ ಹಾಕಿಡಿ. ಬೆಳಗ್ಗೆ ಪದರ ಬಿಟ್ಟಿದ್ದರೆ ಆ ಪ್ಲೈ ಬೇಡ.

ನಮ್ಮ ಚೊಂಬಿನ ಚಿತ್ರಕ್ಕೆ ಎರಡು ಹಲಗೆ ಸಾಕು, ಎರಡೂ ಬದಿ ಕೆತ್ತಿದರೆ ನಾಲ್ಕು ಮುಖ. ಒಂದು ಮುಖಕ್ಕೆ ಗೆರೆ, ಒಂದಕ್ಕೆ ಚೊಂಬಿನ ಹಳದಿ, ಒಂದಕ್ಕೆ ಹಿನ್ನೆಲೆ ನೀಲಿ. ಕೆಂಪು ಹೂವು ಮತ್ತು ಹಸಿರು ಎಲೆ ಒಂದೇ ಮುಖದಲ್ಲಿ. ಎರಡರ ನಡುವೆ ಮೂರು ಸೆಂಟಿಮೀಟರ್ ಜಾಗ ಇದ್ದರೆ ಬೇರೆ ಬೇರೆ ಬ್ರಷ್‌ನಲ್ಲಿ ಬಣ್ಣ ಹಾಕಿ ಒಂದೇ ಏಟಿಗೆ ಒತ್ತಬಹುದು. ನಾನು ಅದಕ್ಕೋಸ್ಕರವೇ ಎಲೆಯನ್ನು ಕೆಳಗೆ ಜೋತುಬಿದ್ದ ಹಾಗೆ ಬರೆದೆ.

ಉಪಕರಣ ನಾಲ್ಕೇ. ಒಂದು ಓರೆ ಬಾಯಿಯ ಚಾಕು, 3 ಮತ್ತು 8 ಮಿಲಿಮೀಟರಿನ ಎರಡು ಯು ಉಳಿ, ಒಂದು ಚಪ್ಪಟೆ ಉಳಿ. ಹನ್ನೆರಡು ಉಳಿಗಳ ಅಗ್ಗದ ಡಬ್ಬ ತರಬೇಡಿ, ಹನ್ನೆರಡೂ ಮೊಂಡಾಗಿರುತ್ತವೆ. ಎಡಗೈಯವರು ಚಾಕು ಕೊಳ್ಳುವಾಗ ಕೇಳಿ ತಗೊಳ್ಳಿ, ಜಪಾನಿ ಚಾಕಿಗೆ ಒಂದೇ ಬದಿ ಇಳಿಜಾರು ಇರುತ್ತದೆ, ಬಲಗೈಯದು ನಿಮಗೆ ಆಗುವುದಿಲ್ಲ. ಜೊತೆಗೆ 1000 ಗ್ರಿಟ್‌ನ ಸಾಣೆಕಲ್ಲು, ಹಳೆಯ ಬೆಲ್ಟಿನ ಚರ್ಮ. ಪ್ರತಿ ಅರ್ಧ ಗಂಟೆಗೊಮ್ಮೆ ಚರ್ಮದ ಮೇಲೆ ಉಜ್ಜಿಕೊಂಡರೆ ಕಲ್ಲಿನ ಕೆಲಸ ಕಮ್ಮಿ.

ಕಾಗದಕ್ಕೆ ದುಡ್ಡು ಹಾಕಿ, ಬೇರೆ ಎಲ್ಲದರಲ್ಲೂ ಉಳಿಸಬಹುದು. ಕೋಝೋ ನಾರಿನ ವಾಶಿ, ಅಂದರೆ ಜಪಾನಿ ಕಾಗದ, ಸಿಕ್ಕರೆ ಒಳ್ಳೆಯದು. ಕೋಝೋ ಅಂದರೆ ನಮ್ಮ ರೇಷ್ಮೆಹುಳು ತಿನ್ನುವ ಹಿಪ್ಪುನೇರಳೆಯ ದಾಯಾದಿ ಗಿಡ, ನಾರು ಉದ್ದ, ಒದ್ದೆಯಾದರೂ ಹರಿಯುವುದಿಲ್ಲ. ನೇಪಾಳದ ಲೋಕ್ತಾ ಕಾಗದವೂ ನಡೆಯುತ್ತದೆ. ಕೊಳ್ಳುವ ಮುಂಚೆ ಒಂದು ಮೂಲೆ ಒದ್ದೆ ಮಾಡಿ ಬೆರಳಲ್ಲಿ ಹತ್ತು ಸಲ ಉಜ್ಜಿ. ಹತ್ತಿಯ ಹಾಗೆ ನಾರು ಎದ್ದರೆ ಆ ಕಾಗದ ಐದು ಬಣ್ಣ ತಡೆಯುವುದಿಲ್ಲ. ಜಪಾನಿನಲ್ಲಿ ಇದಕ್ಕೇ ಕಾಗದದ ಮೇಲೆ ಪ್ರಾಣಿಜನ್ಯ ಅಂಟು ಮತ್ತು ಪಟಿಕದ ನೀರು ಬಳಿಯುತ್ತಾರೆ.

ಇನ್ನು ಬ್ಯಾರೆನ್. ಕಾಗದದ ಬೆನ್ನನ್ನು ಉಜ್ಜುವ ಗುಂಡನೆಯ ಸಾಧನ ಅದು, ಒಳಗೆ ಬಿದಿರಿನ ಹುರಿಯ ಸುರುಳಿ, ಹೊರಗೆ ಬಿದಿರಿನ ಪೊರೆ. ಅಸಲಿ ಬ್ಯಾರೆನ್ ತುಂಬಾ ದುಬಾರಿ, ವಿದ್ಯಾರ್ಥಿಗಳ ಅಗ್ಗದ್ದು ಶುರುವಿಗೆ ಸಾಕು. ಅದೂ ಇಲ್ಲದಿದ್ದರೆ ಮರದ ಸೌಟಿನ ಬೆನ್ನು, ಆದರೆ ಕಾಗದಕ್ಕೂ ಸೌಟಿಗೂ ನಡುವೆ ಒಂದು ಬೇಕಿಂಗ್ ಪೇಪರ್ ಇಡಿ. ಬ್ಯಾರೆನ್ ಜಾರಲಿ ಅಂತ ಅಲ್ಲಿ ಕಮೀಲಿಯಾ ಎಣ್ಣೆ ಸವರುತ್ತಾರೆ, ನಾನು ಕೊಬ್ಬರಿ ಎಣ್ಣೆ. ಡಿಸೆಂಬರಿನಲ್ಲಿ ಎಣ್ಣೆ ಹೆಪ್ಪುಗಟ್ಟಿ ಬ್ಯಾರೆನ್ ತೊಡರುತ್ತಿತ್ತು, ಕಾರಣ ಹೊಳೆಯುವುದಕ್ಕೆ ನನಗೆ ಒಂದು ವಾರ ಬೇಕಾಯಿತು.

ಬ್ರಷ್‌ಗೆ ಕುದುರೆ ಕೂದಲಿನ ಶೂ ಬ್ರಷ್ ಸಾಕು. ತುದಿಗಳನ್ನು ಬಿಸಿ ಹೆಂಚಿಗೆ ತಾಗಿಸಿ ಸ್ವಲ್ಪ ಸುಟ್ಟು, ಮರಳು ಕಾಗದದ ಮೇಲೆ ಉಜ್ಜಿ ಮೆತ್ತಗೆ ಮಾಡಿಕೊಳ್ಳಿ. ಜಪಾನಿನವರು ಶಾರ್ಕ್ ಮೀನಿನ ಚರ್ಮದ ಮೇಲೆ ಉಜ್ಜುತ್ತಾರೆ. ಬಣ್ಣಕ್ಕೊಂದು ಬ್ರಷ್.

ಬಣ್ಣ ಟ್ಯೂಬಿನ ಜಲವರ್ಣವೋ ಗ್ವಾಷ್ ಅನ್ನುವ ಮಂದ ಜಲವರ್ಣವೋ ಯಾವುದಾದರೂ ಸರಿ. ಅದರ ಜೊತೆ ಗಂಜಿ. ಒಂದು ಚಮಚ ಅಕ್ಕಿಹಿಟ್ಟಿಗೆ ಎಂಟು ಚಮಚ ತಣ್ಣೀರು, ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಬಿಳುಪು ಹೋಗಿ ಪಾರದರ್ಶಕ ಆದಾಗ ಇಳಿಸಿ, ಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಗಟ್ಟಿ ಮೊಸರಿನ ಹದಕ್ಕೆ ಬರಬೇಕು. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಚಿತ್ರ ಮತ್ತು ಕೆಂಟೋ

ಚಿತ್ರ 15 ಗುಣಿಸು 20 ಸೆಂಟಿಮೀಟರ್ ಇರಲಿ, ಹಲಗೆ ಅದಕ್ಕಿಂತ ಸುತ್ತ ನಾಲ್ಕು ಸೆಂಟಿಮೀಟರ್ ದೊಡ್ಡದು. ಗೆರೆಗಳನ್ನು ಕಮ್ಮಿ ಇಡಿ. ಪೆನ್ಸಿಲ್‌ನಲ್ಲಿ ಬರೆಯುವಾಗ ಕೂದಲಿನಂಥ ಗೆರೆ ಚಂದ ಕಾಣುತ್ತದೆ, ಕೆತ್ತುವಾಗ ಅದೇ ಅಳು ತರಿಸುತ್ತದೆ. ಒಂದೂವರೆ ಮಿಲಿಮೀಟರ್‌ಗಿಂತ ಸಣ್ಣ ಗೆರೆ ಮೊದಲ ಚಿತ್ರದಲ್ಲಿ ಬೇಡ.

ಚಿತ್ರವನ್ನು ತೆಳು ಕಾಗದಕ್ಕೆ ಇಳಿಸಿ, ಅದರ ಮೇಲೆಯೇ ಕೆಂಟೋ ಗುರುತು ಎಳೆಯಿರಿ. ಕೆಂಟೋ ಅಂದರೆ ಪ್ರತಿ ಹಲಗೆಯ ಮೇಲೂ ಕಾಗದ ಒಂದೇ ಜಾಗದಲ್ಲಿ ಕೂರುವ ಹಾಗೆ ಹಲಗೆಯಲ್ಲೇ ಕೆತ್ತುವ ಎರಡು ಕಚ್ಚು. ಬಲಗಡೆ ಕೆಳಮೂಲೆಯಲ್ಲಿ ಎಲ್ ಆಕಾರದ್ದು, ಅದು ಕಾಗಿ, ಕಾಗದದ ಮೂಲೆ ಅದರೊಳಗೆ ಕೂರುತ್ತದೆ. ಎಡಗಡೆ ಕೆಳಅಂಚಿನಲ್ಲಿ ಒಂದು ನೇರ ಗೆರೆ, ಅದು ಹಿಕಿತ್ಸುಕೆ, ಕಾಗದದ ಅಂಚು ಅದಕ್ಕೆ ತಾಗಿ ನಿಲ್ಲುತ್ತದೆ. ಪಿನ್ನು ಇಲ್ಲ, ಟೇಪ್ ಇಲ್ಲ. ಇಷ್ಟು ಸರಳ ಉಪಾಯದಿಂದಲೇ ಅವರು ಹತ್ತಾರು ಬಣ್ಣಗಳನ್ನು ಕೂದಲೆಳೆಯಷ್ಟು ಜಾರದ ಹಾಗೆ ಕೂರಿಸುತ್ತಾರೆ.

ಕೆಂಟೋ ಕೆತ್ತುವ ಬಗೆ ಹೀಗೆ. ಗುರುತಿನ ಮೇಲೆ ಚಾಕುವನ್ನು ನೆಟ್ಟಗೆ ಹಿಡಿದು ಒಂದು ಸಲ ಗೀರಿ. ಆಮೇಲೆ ಚಿತ್ರದ ಕಡೆಯಿಂದ ಚಪ್ಪಟೆ ಉಳಿಯನ್ನು ಮಲಗಿಸಿ ಆ ಗೀರಿನ ಕಡೆಗೆ ತೆಳ್ಳಗೆ ಸವರಿ. ಗೀರಿನ ಬಳಿ ಒಂದು ಪುಟ್ಟ ಗೋಡೆ ಉಳಿಯುತ್ತದೆ, ನೆಲ ಚಿತ್ರದ ಕಡೆ ಇಳಿಜಾರಾಗಿ ಮೇಲೇರುತ್ತದೆ. ಆಳ ಒಂದು ಮಿಲಿಮೀಟರ್ ಮೀರಬಾರದು. ಗೋಡೆ ಕಾಗದದ ದಪ್ಪಕ್ಕಿಂತ ಒಂಚೂರು ಎತ್ತರ ಇದ್ದರೆ ಸಾಕು, ಜಾಸ್ತಿ ಆಳ ಮಾಡಿದರೆ ಕಾಗದ ಒಳಗೆ ಬಾಗಿ ಕೂರುತ್ತದೆ.

ಈಗ ಆ ತೆಳು ಕಾಗದವನ್ನು ಹಲಗೆಗೆ ಬೋರಲು ಅಂಟಿಸಬೇಕು. ಬೋರಲು ಹಾಕಿದ ಕೂಡಲೇ ಚಿತ್ರ ತಾನಾಗಿ ಕನ್ನಡಿಯಾಗುತ್ತದೆ. ಹಲಗೆಗೆ ಗಂಜಿಯನ್ನು ಅಂಗೈಯಲ್ಲಿ ತೆಳ್ಳಗೆ ಬಳಿದು, ನಡುವಿನಿಂದ ಅಂಚಿಗೆ ಸವರುತ್ತ ಅಂಟಿಸಿ. ಅರ್ಧ ಒಣಗಿದಾಗ ಬೆರಳ ತುದಿಯಲ್ಲಿ ಕಾಗದದ ಬೆನ್ನನ್ನು ಉಜ್ಜಿದರೆ ಸಣ್ಣ ಸಣ್ಣ ಉಂಡೆಯಾಗಿ ಪದರ ಬಿಡುತ್ತದೆ, ಗೆರೆಗಳು ಹತ್ತಿರ ಬರುತ್ತವೆ. ಪೂರ್ತಿ ಒಣಗಿದ ಮೇಲೆ ಎರಡು ಹನಿ ಎಣ್ಣೆ ಸವರಿದರೆ ಕಾಗದ ಮಾಯವಾಗಿ ಮರದ ಮೇಲೆ ಬರೀ ಗೆರೆ ಕಾಣುತ್ತದೆ.

ಕೆತ್ತನೆ

ಇಲ್ಲಿ ಕಲಿಯಬೇಕಾದ್ದು ಒಂದೇ ಚಲನೆ. ಚಾಕುವನ್ನು ಮುಷ್ಟಿಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಇನ್ನೊಂದು ಕೈಯ ಬೆರಳು ಚಾಕಿನ ಪಕ್ಕದಲ್ಲಿ ಕೂತು ದಾರಿ ತೋರಿಸಲಿ. ಗೆರೆಯ ಅಂಚಿನಲ್ಲಿ ಚಾಕು ಸ್ವಲ್ಪ ಓರೆಯಾಗಿರಬೇಕು, ಗೆರೆಯ ಬುಡ ಅಗಲ, ತಲೆ ಸಣ್ಣ, ಗುಡ್ಡದ ಹಾಗೆ. ಬುಡ ಸಣ್ಣದಾದರೆ ಮೂರನೇ ಪ್ರತಿಗೆ ಗೆರೆ ಮುರಿಯುತ್ತದೆ. ಆಮೇಲೆ ಒಂದೆರಡು ಮಿಲಿಮೀಟರ್ ಆಚೆಯಿಂದ ಎದುರು ಓರೆಯಲ್ಲಿ ಇನ್ನೊಂದು ಗೀರು. ಎರಡೂ ಗೀರು ಆಳದಲ್ಲಿ ಸೇರಿದರೆ ಮರದ ಎಳೆ ನೂಲಿನ ಹಾಗೆ ಸುರುಳಿಯಾಗಿ ಹೊರಗೆ ಬರುತ್ತದೆ. ಆ ಸುರುಳಿ ಮುರಿಯದೆ ಬಂತು ಅಂದರೆ ಚಾಕು ಹರಿತವಾಗಿದೆ ಅಂತ ಅರ್ಥ.

ಎಲ್ಲ ಗೆರೆಗೂ ಎರಡೂ ಬದಿ ಹೀಗೆ ಕಾಲುವೆ ಆದ ಮೇಲೆಯೇ ಯು ಉಳಿ ಮುಟ್ಟಿ. ಉಳಿ ಜಾರಿದರೂ ಕಾಲುವೆಯಲ್ಲಿ ನಿಲ್ಲುತ್ತದೆ, ಗೆರೆ ಉಳಿಯುತ್ತದೆ. ಉಳಿಯ ಮುಂದೆ ಕೈ ಇಡಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಒಂದು ಸಲ ಇಡುತ್ತಾರೆ, ನನ್ನ ಎಡ ಹೆಬ್ಬೆರಳ ಬುಡದಲ್ಲಿ ಗುರುತು ಇದೆ. ಹಲಗೆಯನ್ನು ಮೇಜಿನ ಅಂಚಿಗೆ ಒಂದು ಮರದ ಪಟ್ಟಿ ಬಡಿದು ಅದಕ್ಕೆ ಒರಗಿಸಿ, ಎರಡೂ ಕೈ ಹಿಡಿಯ ಮೇಲೇ ಇರಲಿ.

ಎಷ್ಟು ಆಳ? ಗೆರೆಯ ಹತ್ತಿರ ಒಂದೂವರೆ ಮಿಲಿಮೀಟರ್ ಸಾಕು, ದೂರ ಹೋದಷ್ಟೂ ಆಳ ಬೇಕು, ಏಕೆಂದರೆ ಒದ್ದೆ ಕಾಗದ ಅಗಲವಾದ ಖಾಲಿ ಜಾಗದಲ್ಲಿ ಜೋತುಬಿದ್ದು ನೆಲ ಮುಟ್ಟುತ್ತದೆ. ತುಂಬಾ ಅಗಲ ಇದ್ದರೆ ನಡುವೆ ಒಂದು ದ್ವೀಪ ಕೆತ್ತದೆ ಬಿಡಿ, ಬಣ್ಣ ಹಾಕಬೇಡಿ, ಕಾಗದಕ್ಕೆ ಊರುಗೋಲು ಆಗುತ್ತದೆ.

ಬಣ್ಣದ ಹಲಗೆಗಳು

ಹೊಸಬರು ಜಾಸ್ತಿ ತಪ್ಪುವುದು ಇಲ್ಲಿ. ಮೂಲ ಚಿತ್ರವನ್ನೇ ನಾಲ್ಕು ಸಲ ಟ್ರೇಸ್ ಮಾಡಿ ನಾಲ್ಕು ಹಲಗೆಗೆ ಇಳಿಸುತ್ತಾರೆ. ಪ್ರತಿ ಟ್ರೇಸ್‌ನಲ್ಲೂ ಅರ್ಧ ಮಿಲಿಮೀಟರ್ ಆಚೀಚೆ ಆಗುತ್ತದೆ. ಅದರ ಬದಲು ಗೆರೆಯ ಹಲಗೆ ಕೆತ್ತಿ ಮುಗಿಸಿ, ಅದಕ್ಕೂ ಅದರ ಕೆಂಟೋಗೂ ಕಪ್ಪು ಹಚ್ಚಿ, ಒಣ ತೆಳು ಕಾಗದದ ಮೇಲೆ ಮೂರು ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ತೆಗೆಯಿರಿ. ಒಣ ಕಾಗದ ಅಂದದ್ದು ಬೇಕಂತಲೇ, ಒದ್ದೆ ಕಾಗದ ಹಿಗ್ಗಿರುತ್ತದೆ. ಆ ಮೂರು ಪ್ರೂಫ್‌ಗಳನ್ನು ಮಿಕ್ಕ ಮೂರು ಮುಖಗಳಿಗೆ ಬೋರಲು ಅಂಟಿಸಿ, ಈ ಸಲ ಗಂಜಿ ಆದಷ್ಟು ಗಟ್ಟಿಯಾಗಿರಲಿ. ಗೆರೆಯ ಹಲಗೆ ಹೇಗೆ ಕೆತ್ತಿಸಿಕೊಂಡಿದೆಯೋ ಅದೇ, ಅದರ ತಪ್ಪುಗಳ ಸಮೇತ, ಎಲ್ಲ ಹಲಗೆಗೂ ಹೋಗುತ್ತದೆ. ಕೆಂಟೋ ಕೂಡ ಅದರ ಜೊತೆಗೇ ಹೋಗುತ್ತದೆ.

ಬಣ್ಣದ ಜಾಗವನ್ನು ಗೆರೆಯ ನಡುಮಧ್ಯದವರೆಗೆ ಬಿಡಿ, ಗೆರೆಯ ಒಳ ಅಂಚಿಗೇ ನಿಲ್ಲಿಸಬೇಡಿ. ಬಣ್ಣ ಗೆರೆಯ ಕೆಳಗೆ ಸ್ವಲ್ಪ ನುಗ್ಗಿದ್ದರೆ ಅರ್ಧ ಮಿಲಿಮೀಟರ್ ಜಾರಿದರೂ ಕಾಣುವುದಿಲ್ಲ.

ಕಾಗದ ನೆನೆಸುವುದು

ಅಚ್ಚು ತೆಗೆಯುವ ಹಿಂದಿನ ಸಂಜೆ ಶುರು ಮಾಡಿ. ಎಲ್ಲ ಹಾಳೆಗಳನ್ನು ಒಂದೇ ದಿಕ್ಕಿಗೆ ಕತ್ತರಿಸಿರಬೇಕು, ಕಾಗದ ಒಂದು ದಿಕ್ಕಿಗೆ ಜಾಸ್ತಿ ಹಿಗ್ಗುತ್ತದೆ. ಕೆಂಟೋಗೆ ಕೂರುವ ಮೂಲೆ ಸ್ಟೀಲ್ ಸ್ಕೇಲ್‌ನಲ್ಲಿ ನೇರ ಕತ್ತರಿಸಿರಲಿ, ಬೆನ್ನಿಗೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ. ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಅಥವಾ ಬ್ಲಾಟಿಂಗ್ ಕಾಗದ ತಗೊಳ್ಳಿ, ಓದಿ ಮುಗಿಸಿದ ಪೇಪರ್ ಬೇಡ, ಮಸಿ ಹತ್ತುತ್ತದೆ. ಒಂದು ಬ್ಲಾಟಿಂಗ್ ಹಾಳೆಗೆ ಅಗಲ ಬ್ರಷ್‌ನಲ್ಲಿ ನೀರು ಬಳಿದು ಇಡಿ, ಅದರ ಮೇಲೆ ಎರಡು ಒಣ ವಾಶಿ, ಮತ್ತೆ ಒಂದು ಒದ್ದೆ ಬ್ಲಾಟಿಂಗ್, ಮತ್ತೆ ಎರಡು ವಾಶಿ. ಕಟ್ಟು ಮಾಡಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ಹಲಗೆ, ಹಲಗೆ ಮೇಲೆ ಭಾರ. ಬೆಳಗ್ಗೆ ತನಕ ತೇವ ಎಲ್ಲ ಕಡೆ ಒಂದೇ ಸಮ ಹರಡಿರುತ್ತದೆ.

ಹದ ಗೊತ್ತಾಗುವುದು ಹೇಗೆ? ಹಾಳೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಬೆಳಕಿಗೆ ಓರೆ ಹಿಡಿದರೆ ನೀರಿನ ಮಿಂಚು ಕಾಣಬಾರದು. ಒಣ ಚಪಾತಿಗೂ ಈಗಷ್ಟೇ ಡಬ್ಬಿಯಿಂದ ತೆಗೆದ ಚಪಾತಿಗೂ ಇರುವ ವ್ಯತ್ಯಾಸ ನೋಡಿದ್ದೀರಲ್ಲ, ಎರಡನೆಯದರ ಹಾಗೆ ಮೆತ್ತಗೆ ಜೋಲಬೇಕು.

ಊರಿನ ಹವೆ ಇಲ್ಲಿ ತುಂಬಾ ಲೆಕ್ಕಕ್ಕೆ ಬರುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಕಾಗದ ಕಟ್ಟಿನಿಂದ ಹೊರಗೆ ಬಂದ ಕೂಡಲೇ ಒಣಗಲು ಶುರು, ಬೆಳಗಿನ ಜಾವವೇ ಒತ್ತಿ, ನೆಲಕ್ಕೆ ನೀರು ಚಿಮುಕಿಸಿ. ಮಂಗಳೂರಿನ ಜುಲೈನಲ್ಲಿ ಒಣಗುವ ಚಿಂತೆಯೇ ಇಲ್ಲ, ಆದರೆ ಮೂರನೇ ದಿನ ಬೂಷ್ಟು ಬರುತ್ತದೆ. ಅಲ್ಲಿ ಕಟ್ಟನ್ನು ಫ್ರಿಜ್‌ನಲ್ಲಿಡಿ, ಎರಡು ದಿನದಲ್ಲಿ ಮುಗಿಸಿ. ಫ್ಯಾನ್ ಅಂತೂ ಎಲ್ಲೇ ಇರಲಿ, ಆಫ್ ಮಾಡಿ.

ಒತ್ತುವುದು

ಹಲಗೆಯನ್ನೂ ನೆನೆಸಬೇಕು. ಒಣ ಮರ ಬಣ್ಣವನ್ನು ಕುಡಿದುಬಿಡುತ್ತದೆ. ಒತ್ತುವುದಕ್ಕೆ ಹತ್ತು ನಿಮಿಷ ಮುಂಚೆ ಒದ್ದೆ ಸ್ಪಂಜಿನಲ್ಲಿ ಎರಡು ಸಲ ಒರೆಸಿ, ನಿಂತ ನೀರನ್ನು ಬಟ್ಟೆಯಲ್ಲಿ ತೆಗೆಯಿರಿ. ಹಲಗೆ ಜಾರದಿರಲು ಕೆಳಗೆ ಒದ್ದೆ ಬಟ್ಟೆ ಹಾಕಿ.

ಗೆರೆಯ ಹಲಗೆ ಮೊದಲು, ಏಕೆಂದರೆ ಮಿಕ್ಕವೆಲ್ಲ ಅದನ್ನು ನೋಡಿ ಕೂರಬೇಕು. ಆಮೇಲೆ ಸಣ್ಣ ಜಾಗದ ತಿಳಿ ಬಣ್ಣಗಳು, ದೊಡ್ಡ ಹಿನ್ನೆಲೆ ಕೊನೆಗೆ. ದೊಡ್ಡ ಜಾಗ ಕಾಗದಕ್ಕೆ ಮತ್ತೆ ನೀರು ಕೊಟ್ಟು ಹಿಗ್ಗಿಸುತ್ತದೆ, ಮೊದಲೇ ಒತ್ತಿದರೆ ಉಳಿದದ್ದು ಕೂರುವುದಿಲ್ಲ.

ಬಣ್ಣ ಹಾಲಿನ ಹದಕ್ಕಿರಲಿ. ಹಲಗೆಯ ಮೇಲೆ ಎರಡು ಕಡೆ ಒಂದೊಂದು ತೊಟ್ಟು ಬಣ್ಣ, ಪಕ್ಕದಲ್ಲಿ ಬಟಾಣಿ ಕಾಳಿಗಿಂತ ಸಣ್ಣದಾಗಿ ಗಂಜಿ. ಬ್ರಷ್‌ನಲ್ಲಿ ಗುಂಡಗೆ ತಿರುವಿ ಎರಡನ್ನೂ ಬೆರೆಸಿ, ಕೊನೆಗೆ ಕೈ ಹಗುರ ಮಾಡಿ ಮರದ ಎಳೆಯ ಉದ್ದಕ್ಕೆ ಎರಡು ಸಲ ಎಳೆಯಿರಿ. ಬ್ರಷ್ ಗುರುತು ಕಾಣದ ಹಾಗೆ ತೆಳು ಹೊಳಪು ಉಳಿಯಬೇಕು. ಕುಳಿಯಲ್ಲಿ ಬಣ್ಣ ನಿಂತಿದ್ದರೆ ಜಾಸ್ತಿಯಾಗಿದೆ.

ಈಗ ಬೇಗ ಮಾಡಬೇಕು. ಹಾಳೆಯ ಬಲ ಮೂಲೆಯನ್ನು ಬಲಗೈಯ ಬೆರಳುಗಳ ನಡುವೆ ಹಿಡಿದು ಕಾಗಿಗೆ ಕೂರಿಸಿ, ಹೆಬ್ಬೆರಳಲ್ಲಿ ಒತ್ತಿಹಿಡಿಯಿರಿ. ಎಡ ಅಂಚನ್ನು ಹಿಕಿತ್ಸುಕೆಗೆ ತಾಗಿಸಿ. ಎರಡೂ ಕೂತ ಮೇಲೆ ಹಾಳೆಯನ್ನು ನಿಧಾನ ಇಳಿಯಬಿಡಿ, ಬಿಟ್ಟ ಮೇಲೆ ಎಳೆದು ಸರಿ ಮಾಡಬೇಡಿ. ಬ್ಯಾರೆನ್ ಹಿಡಿದು ಮೈಭಾರ ಹಾಕಿ ಅಡ್ಡಡ್ಡ ಉಜ್ಜುತ್ತ ಹೋಗಿ. ಬರೀ ಮಣಿಕಟ್ಟಿನ ಬಲ ಸಾಲದು, ಭುಜ ಕೆಲಸ ಮಾಡಬೇಕು, ಅದಕ್ಕೇ ಅವರು ನೆಲದ ಮೇಲೆ ಕೂತು ಒತ್ತುತ್ತಿದ್ದರು. ಮೂಲೆಯಿಂದ ಬಿಡಿಸಿ ಎತ್ತಿ, ಕೂಡಲೇ ಒದ್ದೆ ಕಟ್ಟಿನೊಳಗೆ ವಾಪಸ್ ಇಡಿ. ಹೊರಗೆ ಒಂದು ನಿಮಿಷ ಬಿಟ್ಟ ಹಾಳೆ ಅಷ್ಟೂ ಕುಗ್ಗಿರುತ್ತದೆ.

ಮೊದಲ ಐದಾರು ಪ್ರತಿ ಮಂಕಾಗಿ ಬರುವುದು ಸಹಜ, ಹಲಗೆ ಇನ್ನೂ ಬಣ್ಣ ಕುಡಿಯುತ್ತಿರುತ್ತದೆ. ಅದಕ್ಕೆ ಹಾಳಾದರೂ ಪರವಾಗಿಲ್ಲ ಅನ್ನುವ ಕಾಗದ ಬೇರೆ ಇಟ್ಟುಕೊಳ್ಳಿ.

ಏನು ಕೆಟ್ಟಿದೆ ಅಂತ ಹಾಳೆಯೇ ಹೇಳುತ್ತದೆ

ಬಣ್ಣದ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ ಬಂದರೆ ಗಂಜಿ ಕಮ್ಮಿ, ಅಥವಾ ಒತ್ತಡ ಕಮ್ಮಿ, ಅಥವಾ ಕಾಗದ ಒಣಗಿದೆ. ಜಪಾನಿನವರೂ ಇದಕ್ಕೆ ಗೋಮಾ ಅಂತಾರೆ, ಗೋಮಾ ಅಂದರೆ ಎಳ್ಳೇ. ಕೆಲವರು ಬೇಕಂತಲೇ ಗಂಜಿ ಬಿಟ್ಟು ಈ ಎಳ್ಳನ್ನು ತರಿಸುತ್ತಾರೆ, ಕಲ್ಲುಗೋಡೆಗೆ ಚೆನ್ನಾಗಿ ಒಪ್ಪುತ್ತದೆ. ಬಣ್ಣದ ಅಂಚಿನಲ್ಲಿ ಗಾಢ ಗೆರೆ ಕಟ್ಟಿದರೆ ನೀರು ಜಾಸ್ತಿ. ಮೇಲ್ಮೈ ಹೊಳೆಯುತ್ತಿದ್ದರೆ, ಸಣ್ಣ ಸಂದುಗಳು ಮುಚ್ಚಿಕೊಂಡರೆ ಗಂಜಿ ಜಾಸ್ತಿ.

ಬಣ್ಣ ಜಾರಿದರೆ ಗಾಬರಿಯಲ್ಲಿ ಹಲಗೆ ಕೆತ್ತಬೇಡಿ. ಐದು ಹಾಳೆ ಸಾಲಾಗಿ ಇಟ್ಟು ನೋಡಿ. ಎಲ್ಲದರಲ್ಲೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜಾರಿದ್ದರೆ ಅದು ಕೆಂಟೋ ತಪ್ಪು. ಕಾಗದ ಗೋಡೆಯ ಕಡೆಗೆ ಸರಿಯಬೇಕಾದರೆ ಗೋಡೆಯನ್ನು ಉಳಿಯಲ್ಲಿ ಒಂದು ಎಳೆ ಸವರಿ, ಗೋಡೆಯಿಂದ ಈಚೆ ಬರಬೇಕಾದರೆ ಗೋಡೆಗೆ ಒಂದು ಪಟ್ಟಿ ಕಾಗದ ಅಂಟಿಸಿ. ಕೆಂಟೋ ಹತ್ತಿರ ಸರಿಯಾಗಿ ಕೂತು ದೂರ ಹೋದಷ್ಟೂ ತಪ್ಪು ಬೆಳೆಯುತ್ತಿದ್ದರೆ ಕಾಗದ ಕುಗ್ಗಿದೆ ಅಥವಾ ಹಿಗ್ಗಿದೆ. ಆಗ ಕೆಂಟೋ ಮುಟ್ಟಿದರೆ ಇನ್ನೂ ಕೆಡುತ್ತದೆ, ಕಟ್ಟನ್ನು ಮತ್ತೆ ಹದ ಮಾಡಿ ಎರಡು ಗಂಟೆ ಬಿಡಿ. ನನ್ನ ಮಾರ್ಚ್ ತಿಂಗಳ ಹದಿನೈದೂ ಹಾಳೆ ಈ ಜಾತಿಯವು, ಮೂಲೆಯಲ್ಲಿ ಕೂದಲೆಳೆಯಷ್ಟು, ಮೇಲ್ತುದಿಯಲ್ಲಿ ಎರಡು ಮಿಲಿಮೀಟರ್. ಇನ್ನು ಒಂದೊಂದು ಹಾಳೆ ಒಂದೊಂದು ಕಡೆ ಜಾರಿದ್ದರೆ ಅದು ಕೈ ತಪ್ಪು. ಎದ್ದು ಕಾಫಿ ಕುಡಿದು ಬನ್ನಿ.

ಬೊಕಾಶಿ

ಹಿನ್ನೆಲೆಯ ನೀಲಿ ಮೇಲೆ ಗಾಢವಾಗಿದ್ದು ಕೆಳಗೆ ಬರುತ್ತ ಕರಗಿಹೋಗಬೇಕು ಅಲ್ವಾ, ಅದಕ್ಕೆ ಬೊಕಾಶಿ ಅಂತ ಹೆಸರು. ಹಿರೋಶಿಗೆ ಅನ್ನುವ ಹಳೆಯ ಜಪಾನಿ ಚಿತ್ರಕಾರನ ಆಕಾಶಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಕೆತ್ತನೆಯಲ್ಲಿ ಇದಕ್ಕೆ ಏನೂ ಮಾಡಬೇಕಾಗಿಲ್ಲ, ಎಲ್ಲ ಬ್ರಷ್‌ನಲ್ಲೇ. ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಳು ತೇವ ಉಳಿಸಿ. ಅಗಲ ಬ್ರಷ್‌ನ ಒಂದು ಮೂಲೆಗೆ ಮಾತ್ರ ಬಣ್ಣ, ಇನ್ನೊಂದು ಮೂಲೆಗೆ ಬರೀ ನೀರು. ಬಣ್ಣದ ಮೂಲೆ ಮೇಲೆ ಬರುವ ಹಾಗೆ ಹಿಡಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆಯುತ್ತ, ಪ್ರತಿ ಸಲ ಕೂದಲಷ್ಟು ಕೆಳಗೆ ಇಳಿಸಿ. ನಾಲ್ಕೈದು ಸಲ ಆದಾಗ ಹಲಗೆ ಮೇಲೆಯೇ ಇಳಿಬಣ್ಣ ಕಾಣುತ್ತದೆ. ಒಂದೇ ಸಲಕ್ಕೆ ಗಾಢ ಬರುವುದಿಲ್ಲ, ಅದೇ ಹಾಳೆಗೆ ಎರಡು ಮೂರು ಸಲ ಒತ್ತಿ.

ನೀಲಿಗೆ ಪ್ರಷ್ಯನ್ ಬ್ಲೂ ತಗೊಳ್ಳಿ. 1830ರ ಆಸುಪಾಸಿನಲ್ಲಿ ಜಪಾನಿನ ಚಿತ್ರಕಾರ ಹೊಕುಸಾಯ್ ಫ್ಯೂಜಿ ಬೆಟ್ಟದ ಸರಣಿಗೆ ಬಳಸಿದ್ದು ಅದನ್ನೇ, ಆ ಸರಣಿಯ ಹೆಸರಾಂತ ದೊಡ್ಡ ಅಲೆಯ ಚಿತ್ರದ ನೀಲಿ ಅದು. ಯುರೋಪಿನಿಂದ ಬಂದ ಹೊಸ ಬಣ್ಣ, ಹಿಂದಿನ ಗಿಡದ ನೀಲಿಗಳಿಗಿಂತ ಗಾಢ, ಇಳಿಬಣ್ಣಕ್ಕೆ ಚೆನ್ನಾಗಿ ಬಗ್ಗುತ್ತಿತ್ತು. ಈಗ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಣ್ಣ ಟ್ಯೂಬ್ ಸಿಗುತ್ತದೆ. ಕಮ್ಮಿ ಹಾಕಿ, ಈ ಬಣ್ಣದ ಜೋರು ಜಾಸ್ತಿ, ಒಂದು ಹನಿ ಎಲ್ಲವನ್ನೂ ನುಂಗುತ್ತದೆ.

ಒಣಗಿಸಿ ಎತ್ತಿಡುವುದು

ಕೊನೆಯ ಬಣ್ಣ ಮುಗಿದ ಮೇಲೆ ಹಾಳೆಗಳನ್ನು ದಾರಕ್ಕೆ ನೇತುಹಾಕಬೇಡಿ, ಸುಕ್ಕಾಗುತ್ತವೆ. ಒಣ ಬ್ಲಾಟಿಂಗ್ ನಡುವೆ ಒಂದೊಂದೇ ಇಟ್ಟು ಮೇಲೆ ಭಾರ ಹಾಕಿ, ಮೊದಲ ದಿನ ಎರಡು ಸಲ ಬ್ಲಾಟಿಂಗ್ ಬದಲಾಯಿಸಿ. ಸಹಿ, ಸಂಖ್ಯೆ ಪೆನ್ಸಿಲ್‌ನಲ್ಲಿ. 3/12 ಅಂದರೆ ಹನ್ನೆರಡರಲ್ಲಿ ಮೂರನೆಯದು.

ಇಷ್ಟೆಲ್ಲ ಓದಿ ಮಾಡುವುದಕ್ಕಿಂತ ಒಂದು ಸಲ ಯಾರಾದರೂ ಒತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ಬೇಗ ಅರ್ಥವಾಗುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೂ ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲೂ ಗ್ರಾಫಿಕ್, ಅಂದರೆ ಅಚ್ಚುಚಿತ್ರದ, ವಿಭಾಗಗಳಿವೆ, ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಹೋಗಿ ಪ್ರಿಂಟ್‌ಗಳನ್ನು ಹತ್ತಿರದಿಂದ ನೋಡಿ.

ಹಲಗೆಗಳನ್ನು ತಣ್ಣೀರಿನಲ್ಲಿ ತೊಳೆದು, ಸಂದಿಗಳ ಗಂಜಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಬಾಗುತ್ತವೆ. ಗಂಜಿ ಉಳಿದ ಹಲಗೆಯನ್ನು ನಾನು ಒಂದು ಸಲ ಹಾಗೇ ಅಟ್ಟಕ್ಕೆ ಹಾಕಿದ್ದೆ, ಜಿರಳೆಗಳು ಅಕ್ಕಿಗಂಜಿಯ ಜೊತೆ ದಾಸವಾಳದ ಎಲೆಯ ತುದಿಯನ್ನೂ ಮೆಲ್ಲಗೆ ಕೆರೆದು ತಿಂದಿದ್ದವು. ಆ ಎಲೆ ಈಗ ಪ್ರತಿ ಪ್ರತಿಯಲ್ಲೂ ಹುಳ ಕಚ್ಚಿದ ಹಾಗೇ ಬರುತ್ತದೆ, ನಾನು ಸರಿ ಮಾಡಲು ಹೋಗಿಲ್ಲ.